ಒರಳುಕಲ್ಲಿನ ಕೆಲಸ ಎಲ್ಲಿಗೆ ಹೋಯಿತು

ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಯಾವ ಅಂಗಡಿಗೆ ಹೋಗಿ ಮಿಕ್ಸಿ ತೋರಿಸಿ ಎಂದರೂ ಮಾತು ಶುರುವಾಗುವುದು ವ್ಯಾಟ್ ಲೆಕ್ಕದಿಂದ. 500 ಸಾಕೇ, 750 ಬೇಕೇ, 1000 ಆದರೆ ಇನ್ನೂ ಒಳ್ಳೆಯದೇ? ಜಾರ್ ಮೂರಿರಲೋ ನಾಲ್ಕಿರಲೋ? ಇನ್ನಷ್ಟು ದುಡ್ಡು ಹಾಕಿದರೆ ತರಕಾರಿ ಹೆಚ್ಚುವ, ಹಿಟ್ಟು ನಾದುವ ಫುಡ್ ಪ್ರೊಸೆಸರ್ ಬರುತ್ತದೆ ಎಂಬ ಸಲಹೆಯೂ ಸೇರಿಕೊಳ್ಳುತ್ತದೆ. ಇವೆಲ್ಲ ಯಂತ್ರ ಏನೇನು ಮಾಡಬಲ್ಲದು ಎಂದು ವಿಚಾರಿಸುವ ಪ್ರಶ್ನೆಗಳು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಈಗ ಮನೆಯಲ್ಲಿ ಬೀಸುವ, ರುಬ್ಬುವ, ಅರೆಯುವ ಕೆಲಸ ಎಷ್ಟು ಉಳಿದಿದೆ? ಇದಕ್ಕೆ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ, ಈ ಬಡಾವಣೆಗಳ ಚರಿತ್ರೆಯಲ್ಲಿ ಸಿಗುತ್ತದೆ. ಕಲ್ಲುಗಳು ಮಾಡುತ್ತಿದ್ದ ಕೆಲಸ ಇಡಿಯಾಗಿ ಮಿಕ್ಸಿಗೆ ವರ್ಗವಾಯಿತು ಎಂದು ನಾವು ನಂಬಿಕೊಂಡಿದ್ದೇವೆ. ನಡೆದದ್ದು ಹಾಗಲ್ಲ. ಆ ಕೆಲಸ ಪಾಲಾಗಿ ಒಡೆದು, ದೊಡ್ಡ ಪಾಲುಗಳು ಒಂದೊಂದಾಗಿ ಮನೆಯಿಂದ ಹೊರಗೆ ಹೋದವು. ಮಿಕ್ಸಿಗೆ ದಕ್ಕಿದ್ದು ಉಳಿದ ಒಂದು ಪಾಲು ಮಾತ್ರ. ಆ ಪಾಲಿನ ಅಳತೆ ಗೊತ್ತಾದರೆ ಯಾವ ಯಂತ್ರ ನಮ್ಮ ಕೈಗೆಟುಕುತ್ತದೆ ಎಂಬುದನ್ನು ತೀರ್ಮಾನಿಸುವುದು ಕಷ್ಟವಲ್ಲ.

ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಕೆಲಸಕ್ಕೊಂದು ಕಲ್ಲು ಇತ್ತು. ರಾಗಿಗೆ ಬೀಸುವ ಕಲ್ಲು, ಇಡ್ಲಿ ದೋಸೆಗೆ ಒರಳು ಮತ್ತು ಗುಂಡು, ಸಾರಿನ ಖಾರಕ್ಕೆ ಅರೆಯುವ ಚಪ್ಪಟೆ ಕಲ್ಲು, ಭತ್ತಕ್ಕೂ ಮೆಣಸಿನಕಾಯಿಗೂ ಒನಕೆ. ಇವು ಒಂದರ ಬದಲಿಗೆ ಒಂದು ಬಳಸುವಂಥವಲ್ಲ. ಬೀಸುವಾಗ ಒಣಕಾಳು ಎರಡು ಒರಟು ಕಲ್ಲುಗಳ ನಡುವೆ ಸಿಕ್ಕಿ ಹಿಟ್ಟಾಗುತ್ತದೆ. ರುಬ್ಬುವಾಗ ನೆನೆದ ಬೇಳೆ ನೀರಿನೊಡನೆ ನಿಧಾನವಾಗಿ ತೇಯ್ದು, ಗಾಳಿ ಸೇರಿಕೊಂಡು ಉಬ್ಬುತ್ತದೆ. ಅರೆಯುವಾಗ ಕಾಯಿ, ಕೊತ್ತಂಬರಿ, ಮೆಣಸಿನಕಾಯಿಗಳ ರಸವೂ ಎಣ್ಣೆಯೂ ಹೊರಬಂದು ಒಂದಾಗುತ್ತವೆ. ಈ ವಿದ್ಯೆ ಕನ್ನಡ ನಾಡಿನಲ್ಲಿ ಬಹಳ ಹಳೆಯದು. 10ನೇ ಶತಮಾನದ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಸುಮಾರು 1025ರಲ್ಲಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ರುಬ್ಬುವ ಕ್ರಮವಿದೆ. ಅಂದಿನಿಂದ 20ನೇ ಶತಮಾನದ ನಡುವಿನವರೆಗೂ ರುಬ್ಬಿದ್ದು ಕೈ. ಆ ಕೈ ಬಹುಪಾಲು ಹೆಣ್ಣಿನದು. ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ನಮ್ಮ ಸಾಹಿತ್ಯದ ಹೆಮ್ಮೆ. ಆದರೆ ಬೀಸುವ ಪದಗಳು ಅಷ್ಟೊಂದು ಹುಟ್ಟಲು ಕಾರಣವಾದದ್ದು ಬೆಳಗಿನ ಜಾವದಲ್ಲೇ ಎದ್ದು ಕಲ್ಲಿನ ಮುಂದೆ ಕೂರಬೇಕಾಗಿದ್ದ ದುಡಿಮೆ ಎಂಬುದನ್ನು ಆ ಹೆಮ್ಮೆಯಲ್ಲಿ ಮರೆಯಬಾರದು.

ಮನೆಯಿಂದ ಮೊದಲು ಹೊರಬಿದ್ದದ್ದು ಬೀಸುವ ಕೆಲಸ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಬಂತು. ಊರಿನ ಜನಕ್ಕೆ ಅದು ಮೊದಲು ಬೀದಿದೀಪವಾಗಿ ಕಂಡಿತು. ಅಡುಗೆಯ ದುಡಿಮೆಯನ್ನು ಮುಟ್ಟಿದ್ದು ಹಿಟ್ಟಿನ ಗಿರಣಿಯ ಮೋಟಾರಾಗಿ. ಪಶ್ಚಿಮದ ಬಡಾವಣೆಗಳ ವಿಶೇಷವೆಂದರೆ ಅವು ಗಿರಣಿ ಬಂದ ಮೇಲೆ ಹುಟ್ಟಿದವು. 1945ರಲ್ಲಿ ರಚನೆಯಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಊರಿನ ವಾಯವ್ಯಕ್ಕೆ ಕೈಗಾರಿಕಾ ಉಪನಗರವೊಂದನ್ನು ಯೋಜಿಸಿತು. 1949ರಲ್ಲಿ ಅದಕ್ಕೆ ಚಾಲನೆ ಸಿಕ್ಕಿತು, ಆಗ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರು ಬಂತು. ಆಸುಪಾಸಿನಲ್ಲಿ 1936ರ ಮೈಸೂರು ಲ್ಯಾಂಪ್ಸ್ ಇತ್ತು, 1946ರಲ್ಲಿ ಶುರುವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಇತ್ತು. 1957ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯೂ ಇಲ್ಲಿಗೆ ಬಂತು. ಇಲ್ಲಿ ಬಂದು ನೆಲೆಸಿದವರು ಶಿಫ್ಟಿನ ಗಂಟೆಗೆ ಹೊಂದಿಕೊಂಡು ಬದುಕಬೇಕಾದ ಕಾರ್ಮಿಕರು, ಗುಮಾಸ್ತರು, ಸಣ್ಣ ವ್ಯಾಪಾರಿಗಳು. ಅವರಲ್ಲಿ ಅನೇಕರು ವಠಾರದ ಬಾಡಿಗೆ ಮನೆಗಳಲ್ಲಿದ್ದವರು.

ಬಾಡಿಗೆ ಮನೆಗೂ ಕಲ್ಲಿಗೂ ಹೊಂದಾಣಿಕೆಯಿಲ್ಲ. ಒರಳುಕಲ್ಲು ಹಲವು ಹತ್ತು ಕಿಲೋ ತೂಗುತ್ತದೆ. ಎಷ್ಟೋ ಕಡೆ ಅದನ್ನು ನೆಲಕ್ಕೇ ಹೂತಿರುತ್ತಾರೆ. ಮನೆ ಬದಲಿಸುವವರು ಅದನ್ನು ಹೊತ್ತೊಯ್ಯಲಾರರು. ಒಂದು ಕೋಣೆ, ಒಂದು ಅಡುಗೆಮನೆಯ ಜಾಗದಲ್ಲಿ ಬೀಸುವ ಕಲ್ಲಿಗೆ ಕಾಲು ಚಾಚಿ ಕೂರುವ ಸ್ಥಳವೂ ಇರುವುದಿಲ್ಲ. ಹಾಗಾಗಿ ರಾಗಿ, ಗೋಧಿ, ಅಕ್ಕಿ ಡಬ್ಬದಲ್ಲಿ ತುಂಬಿ ಬೀದಿಯ ಮಿಲ್ಲಿಗೆ ಹೋಗತೊಡಗಿದವು. ಹುಡುಗರು ಸೈಕಲ್ಲಿನ ಹಿಂದೆ ಡಬ್ಬ ಕಟ್ಟಿಕೊಂಡು ಹೋಗಿ ಬೀಸಿಸಿಕೊಂಡು ಬರುವುದು ವಾಡಿಕೆಯಾಯಿತು. ಸಾರಿನ ಪುಡಿ, ಖಾರದ ಪುಡಿಗೆ ಮಿಲ್ಲಿನಲ್ಲೇ ಬೇರೆ ಯಂತ್ರ. ಬೇಸಿಗೆಯಲ್ಲಿ ಮೆಣಸಿನಕಾಯಿ ಒಣಗಿಸಿ, ಕೊತ್ತಂಬರಿ ಹುರಿದು, ವರ್ಷಕ್ಕಾಗುವಷ್ಟು ಪುಡಿ ಒಮ್ಮೆಗೇ ಮಾಡಿಸಿಟ್ಟುಕೊಳ್ಳುವ ಪದ್ಧತಿ ಇಂದಿಗೂ ಪೂರ್ತಿ ನಿಂತಿಲ್ಲ. ಅಂದರೆ ಬೀಸುವ ಮತ್ತು ಕುಟ್ಟುವ ಕೆಲಸ, ತೂಕದ ಲೆಕ್ಕದಲ್ಲಿ ಅಡುಗೆಮನೆಯ ಅತಿ ದೊಡ್ಡ ದುಡಿಮೆ, ಮಿಕ್ಸಿಯ ಹೆಸರು ಕೇಳುವ ಮೊದಲೇ ಮನೆಯಿಂದ ಹೊರಟಿತ್ತು. ಕೆಂಗೇರಿಯಂಥ ಹಳೆಯ ಹೋಬಳಿ ಊರಿನಲ್ಲಿ, ಸುತ್ತ ರಾಗಿ ಹೊಲವಿದ್ದ ಕಡೆಯೂ, ಸ್ವಂತ ಜಗುಲಿ ಹಿತ್ತಿಲು ಇದ್ದುದರಿಂದ ಕಲ್ಲು ಹೆಚ್ಚು ಕಾಲ ಉಳಿದಿತ್ತೇ ಹೊರತು ದಿಕ್ಕು ಬೇರೆಯಾಗಿರಲಿಲ್ಲ.

ಉಳಿದದ್ದು ದಿನದಿನದ ಒದ್ದೆ ಕೆಲಸ: ಹುಳಿ, ಬಸ್ಸಾರು, ಕೂಟುಗಳ ಖಾರ ಮತ್ತು ಚಟ್ನಿ. ಇದನ್ನು ಮಿಲ್ಲಿಗೆ ಕಳಿಸಲಾಗದು, ಪುಡಿಯಂತೆ ಕೂಡಿಡಲೂ ಆಗದು. ಈ ಕೆಲಸಕ್ಕೆ ಹೊರದೇಶದ ಬ್ಲೆಂಡರ್ ಒದಗಲಿಲ್ಲ. ಅಮೆರಿಕದ ಸ್ಟೀಫನ್ ಪೊಪ್ಲಾವ್ಸ್ಕಿ 1922ರ ಸುಮಾರಿಗೆ ಬ್ಲೆಂಡರ್ ರೂಪಿಸಿದ್ದು ಅಂಗಡಿಗಳ ಹಾಲಿನ ಪೇಯ ಕಲಸಲು. ಎತ್ತರದ ಗಾಜಿನ ಪಾತ್ರೆ, ಸಣ್ಣ ಮೋಟಾರು, ತೆಳುವಾದ ದ್ರವ ಅದಕ್ಕೆ ಸರಿ. ಒಣಕೊಬ್ಬರಿ, ನೆನೆದ ಕಡಲೆಬೇಳೆ, ಬ್ಯಾಡಗಿ ಮೆಣಸಿನಕಾಯಿ ಸೇರಿದ ಗಟ್ಟಿ ಮುದ್ದೆಯನ್ನು ಹಾಕಿದರೆ ಮೋಟಾರು ಕಾದು ಸುಟ್ಟುಹೋಗುವುದು ಸಹಜ. 1960ರ ದಶಕದಲ್ಲಿ ಮುಂಬಯಿಯ ಇಂಜಿನಿಯರ್ ಸತ್ಯ ಪ್ರಕಾಶ್ ಮಾಥುರ್ ಕೈಹಾಕಿದ್ದು ಇದೇ ತೊಡಕಿಗೆ. ಮನೆಯ ಜರ್ಮನ್ ಬ್ಲೆಂಡರ್ ಕೆಟ್ಟುಹೋದದ್ದು ಅವರಿಗೆ ಪ್ರೇರಣೆ. ಅವರು ತಂದ ಸುಮೀತ್ ಮಿಕ್ಸಿಯಲ್ಲಿ ಸ್ಟೀಲಿನ ಜಾರ್, ತಳಕ್ಕೆ ಹತ್ತಿರವಾದ ಬ್ಲೇಡು, ಗಟ್ಟಿ ಖಾರವನ್ನು ತಾಳುವ ಮೋಟಾರು ಇದ್ದವು. ಹೆಸರು ಮಿಕ್ಸಿ ಎಂದಾದರೂ ಅದು ಕೂಡಿಸುವ ಯಂತ್ರಕ್ಕಿಂತ ಅರೆಯುವ ಯಂತ್ರ. ಭಾರತದ ಅಡುಗೆಗಾಗಿ ಭಾರತದಲ್ಲೇ ರೂಪುಗೊಂಡ ಈ ಯಂತ್ರ ಅರೆಯುವ ಕಲ್ಲಿನ ನಿಜವಾದ ಉತ್ತರಾಧಿಕಾರಿ.

ಅದು ಪಶ್ಚಿಮ ಬೆಂಗಳೂರಿನ ಮಧ್ಯಮ ವರ್ಗದ ಮನೆಗಳಿಗೆ ಹೊಂದಿಕೊಳ್ಳಲು ತಾಂತ್ರಿಕವಾದ ಒಂದು ಕಾರಣವೂ ಇತ್ತು. 230 ವೋಲ್ಟಿನಲ್ಲಿ 500 ವ್ಯಾಟಿನ ಮಿಕ್ಸಿ ಎಳೆಯುವುದು ಎರಡು ಆಂಪಿಯರಿಗಿಂತ ಸ್ವಲ್ಪ ಹೆಚ್ಚು. 750 ವ್ಯಾಟಿನದು ಮೂರೂಕಾಲು. ಎರಡೂ ದೀಪದ ಲೈನಿನ 5 ಆಂಪಿಯರ್ ಪ್ಲಗ್ಗಿನಲ್ಲೇ ನಡೆಯುತ್ತವೆ. ನೀರು ಕಾಯಿಸುವ ಬಾಯ್ಲರಿಗೆ ಬೇಕಾದ 15 ಆಂಪಿಯರ್ ಪಾಯಿಂಟು ಇಲ್ಲದ ಬಾಡಿಗೆ ಮನೆಯಲ್ಲೂ ಮಿಕ್ಸಿ ಇಡಬಹುದಿತ್ತು. ಮನೆ ಬದಲಿಸುವಾಗ ಕೈಚೀಲದಲ್ಲಿ ಹಾಕಿಕೊಂಡು ಹೋಗಬಹುದಿತ್ತು. ಆದರೂ ಕಲ್ಲು ಥಟ್ಟನೆ ಮಾಯವಾಗಲಿಲ್ಲ. ಕರ್ನಾಟಕದ ವಿದ್ಯುತ್ತು ಆಗ ಬಹುತೇಕ ಜಲಾಶಯಗಳಿಂದ ಬರುತ್ತಿತ್ತು. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಮಳೆ ಕೈಕೊಟ್ಟ ವರ್ಷ ವಿದ್ಯುತ್ ಕಡಿತ, ಕಡಿತದ ಹೊತ್ತಿಗೆ ಮತ್ತೆ ಅರೆಯುವ ಕಲ್ಲು. ಹೊಸ ಯಂತ್ರ ಬಂದ ದಿನವೇ ಹಳೆಯ ಉಪಕರಣ ಸಾಯುತ್ತದೆ ಎಂಬ ತಿಳಿವಳಿಕೆ ಸರಿಯಲ್ಲ. ಅವೆರಡೂ ಬಹುಕಾಲ ಒಂದೇ ಅಡುಗೆಮನೆಯಲ್ಲಿ ಬಾಳಿದವು.

ಇನ್ನು ರುಬ್ಬುವ ಕೆಲಸ. ಇದನ್ನೂ ಮಿಕ್ಸಿಯೇ ಗೆದ್ದಿತೆಂದು ಜಾಹೀರಾತು ಹೇಳುತ್ತದೆ, ಚರಿತ್ರೆ ಹೇಳುವುದಿಲ್ಲ. ಮಿಕ್ಸಿಯ ಮೋಟಾರು ನಿಮಿಷಕ್ಕೆ 18,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಆ ವೇಗದಲ್ಲಿ ಬ್ಲೇಡು ಉದ್ದನ್ನು ಕತ್ತರಿಸುತ್ತದೆ, ಜೊತೆಗೆ ಬಿಸಿ ಮಾಡುತ್ತದೆ. ಅದಕ್ಕೇ ತಣ್ಣೀರು, ಐಸು ಹಾಕಿ ರುಬ್ಬುವ ರೂಢಿ ಬಂದದ್ದು. ವೆಟ್ ಗ್ರೈಂಡರಿನ ಪಾತ್ರೆ ತಿರುಗುವ ವೇಗ ಅದರ ನೂರನೇ ಒಂದು ಪಾಲಿನ ಸುಮಾರು. ಕಲ್ಲು ತೇಯ್ದು ಉದ್ದಿನ ಹಿಟ್ಟಿಗೆ ಗಾಳಿ ತುಂಬುತ್ತದೆ, ಹಿಟ್ಟು ಚೆನ್ನಾಗಿ ಉಬ್ಬುತ್ತದೆ. 1955ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿ ಮೋಟಾರಿಗೆ ಕಲ್ಲನ್ನೇ ಜೋಡಿಸಿದ್ದು ಈ ಗುಣವನ್ನು ಕಾಯ್ದುಕೊಳ್ಳುವುದಕ್ಕಾಗಿ. ಆ ಊರಿನ ಗ್ರೈಂಡರಿಗೆ ಮುಂದೆ ಭೌಗೋಳಿಕ ಗುರುತು ಕೂಡ ದೊರೆಯಿತು. ಹೋಟೆಲುಗಳೂ ದೊಡ್ಡ ಸಂಸಾರಗಳೂ ಗ್ರೈಂಡರ್ ಹಿಡಿದವು. ಆಮೇಲೆ ಈ ಪಾಲೂ ಬೀದಿಗೆ ಹೊರಟಿತು: ಮೊದಲು ಪಾತ್ರೆ ಒಯ್ದು ಹಿಟ್ಟು ತರುವ ಅಂಗಡಿ, ನಂತರ ಪ್ಯಾಕೆಟ್ ಹಿಟ್ಟು. 2005ರಲ್ಲಿ ಬೆಂಗಳೂರಿನ ಸಣ್ಣ ಜಾಗದಲ್ಲಿ ಶುರುವಾದ ಐಡಿ ಫ್ರೆಶ್ ದೊಡ್ಡ ಉದ್ಯಮವಾಗಿ ಬೆಳೆದದ್ದೇ ಎಷ್ಟು ಮನೆಗಳು ರುಬ್ಬುವುದನ್ನು ಬಿಡಲು ಸಿದ್ಧವಾಗಿದ್ದವು ಎಂಬುದಕ್ಕೆ ಸಾಕ್ಷಿ. ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಬೆಳಿಗ್ಗೆಯೇ ಹೊರಡುವ ಹೆಣ್ಣುಮಕ್ಕಳಿಗೆ ಹಿಂದಿನ ರಾತ್ರಿ ರುಬ್ಬಲು ಬಿಡುವೆಲ್ಲಿ? ಪ್ಯಾಕೆಟ್ ಹಿಟ್ಟನ್ನು ಸೋಮಾರಿತನ ಎನ್ನುವವರು ಈ ಗಡಿಯಾರವನ್ನು ನೋಡಬೇಕು.

ಫುಡ್ ಪ್ರೊಸೆಸರಿನ ಕಥೆ ಈ ಲೆಕ್ಕವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಅದರ ಮೂಲ ಫ್ರಾನ್ಸಿನ ಹೋಟೆಲ್ ಅಡುಗೆಮನೆ. ಪಿಯರ್ ವರ್ಡನ್ ರೂಪಿಸಿದ ರೋಬೋ ಕೂಪ್ ಯಂತ್ರವನ್ನು ನೋಡಿ ಅಮೆರಿಕದ ಕಾರ್ಲ್ ಸಾಂಥೈಮರ್ 1973ರಲ್ಲಿ ಮನೆ ಬಳಕೆಯ ಕ್ವಿಸಿನಾರ್ಟ್ ತಂದರು. ಮಾಂಸ ಕೊಚ್ಚುವುದು, ತರಕಾರಿಯನ್ನು ತೆಳುವಾಗಿ ಬಿಲ್ಲೆ ಮಾಡುವುದು, ಮೈದಾ ಬೆಣ್ಣೆ ಕಲಸುವುದು ಅದರ ಮುಖ್ಯ ಉದ್ದೇಶ. ನಮ್ಮಲ್ಲಿ ಹೆಚ್ಚುವುದು ಎಂದೂ ಕಲ್ಲಿನ ಕೆಲಸವಾಗಿರಲಿಲ್ಲ. ಅದನ್ನು ಈಳಿಗೆ ಮಣೆ ಮಾಡುತ್ತಿತ್ತು, ಈಗ ಚಾಕು ಮಾಡುತ್ತಿದೆ, ಕಾಯಿಗೆ ತುರಿಮಣೆ. ನಾಲ್ಕು ಜನರ ಹುಳಿಗೆ ಹುರುಳಿಕಾಯಿ, ಸೀಮೆಬದನೆ ಹೆಚ್ಚುವ ಹೊತ್ತಿಗಿಂತ ಪ್ರೊಸೆಸರಿನ ಬೋಗುಣಿ, ಬಿಲ್ಲೆ, ಮುಚ್ಚಳ ತೊಳೆದು ಒರೆಸಿ ಎತ್ತಿಡುವ ಹೊತ್ತೇ ಹೆಚ್ಚಾಗಬಹುದು. 20 ಅಡಿ, 30 ಅಡಿ ಅಗಲದ ನಿವೇಶನಗಳ ಅಡುಗೆಮನೆಯಲ್ಲಿ ಅದನ್ನು ಇಡುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಬೀಸುವುದು, ರುಬ್ಬುವುದು ಮನೆಯಿಂದ ಹೊರಗೆ ಹೋಗಲು ಮುಖ್ಯ ಕಾರಣ ಅವುಗಳ ಭಾರ ಮತ್ತು ಅವು ತಿನ್ನುತ್ತಿದ್ದ ಹೊತ್ತು. ಹೆಚ್ಚುವುದರಲ್ಲಿ ಅಂಥ ಭಾರವಿರಲಿಲ್ಲ, ಆದ್ದರಿಂದ ಅದಕ್ಕೆ ಯಂತ್ರದ ಒತ್ತಾಯವೂ ಹುಟ್ಟಲಿಲ್ಲ.

ಈ ವಾದಕ್ಕೆ ಮೊದಲ ಆಕ್ಷೇಪ ರುಚಿಯದು. ಕಲ್ಲಿನಲ್ಲಿ ಅರೆದ ಚಟ್ನಿಯ ಸ್ವಾದ ಮಿಕ್ಸಿಗೆ ಬರುವುದಿಲ್ಲ. ಚರಿತ್ರೆಯನ್ನು ನೆನೆಯುವವರು ಕಲ್ಲಿಗೆ ಮರಳಬೇಕಲ್ಲವೇ ಎಂದು ಕೇಳಬಹುದು. ಸ್ವಾದದ ಮಾತಿನಲ್ಲಿ ಸತ್ಯವಿದೆ. ಕಲ್ಲು ಜಜ್ಜುತ್ತದೆ, ಬ್ಲೇಡು ಕತ್ತರಿಸುತ್ತದೆ. ಹದ ಬೇರೆಯಾಗುವುದು ನಿಜ. ಆದರೆ ಆ ಹದದ ಬೆಲೆಯನ್ನು ಕೊಟ್ಟವರು ಊಟಕ್ಕೆ ಕೂತವರಲ್ಲ, ಸೊಂಟ ಬಗ್ಗಿಸಿ ಅರೆದವರು. ಒಂದೂ ರೂಪಾಯಿ ಖರ್ಚಿಲ್ಲದೆ ನಡೆಯುತ್ತಿದ್ದಂತೆ ಕಂಡ ಕಲ್ಲು ನಿಜಕ್ಕೂ ಅಗ್ಗವಾಗಿರಲಿಲ್ಲ, ಅದರ ಖರ್ಚು ಯಾರ ಲೆಕ್ಕದ ಪುಸ್ತಕದಲ್ಲೂ ಬರೆದಿರಲಿಲ್ಲ ಅಷ್ಟೆ. ಸರ್ಕಾರಗಳೇ ಇದನ್ನು ಗುರುತಿಸಿವೆ. 2011ರಲ್ಲಿ ತಮಿಳುನಾಡು ಪಡಿತರ ಚೀಟಿಯ ಕುಟುಂಬಗಳ ಮಹಿಳೆಯರಿಗೆ ಮಿಕ್ಸಿ, ಗ್ರೈಂಡರ್, ಫ್ಯಾನ್ ಉಚಿತವಾಗಿ ಕೊಡುವ ಯೋಜನೆ ತಂದಿತು. ಅದೇ ದೇಶದಲ್ಲಿ 2017ರಲ್ಲಿ ಜಿಎಸ್‌ಟಿ ಬಂದಾಗ ಮಿಕ್ಸಿಗೆ ಶೇಕಡಾ 28ರ ಅತಿ ಮೇಲಿನ ದರ ಹಾಕಲಾಯಿತು. 2018ರ ಜುಲೈನಲ್ಲಿ ಅದು 18ಕ್ಕೆ ಇಳಿಯಿತು. ದಿನವೂ ದುಡಿಯುವ ಉಪಕರಣವನ್ನು ಭೋಗದ ವಸ್ತುವಿನ ಸಾಲಿನಲ್ಲಿ ಇಟ್ಟದ್ದು ಅಡುಗೆಮನೆಯ ದುಡಿಮೆಯನ್ನು ದುಡಿಮೆಯೆಂದೇ ಕಾಣದ ಹಳೆಯ ನೋಟದ ಮುಂದುವರಿಕೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಊಟದ ರೂಢಿ ಬದಲಾಗುತ್ತಿದೆ. ಮೆಟ್ರೋ 2021ರಲ್ಲಿ ಕೆಂಗೇರಿ ಮುಟ್ಟಿತು, ಸುತ್ತ ಅಪಾರ್ಟ್‌ಮೆಂಟುಗಳು ಎದ್ದಿವೆ, ನಾನಾ ರಾಜ್ಯಗಳ ಸಂಸಾರಗಳು ಬಂದಿವೆ. ದಿನವೂ ಚಪಾತಿ, ಹಣ್ಣಿನ ರಸ, ಸಿರಿಧಾನ್ಯದ ದೋಸೆ, ಕಡಲೆಬೀಜದ ಬೆಣ್ಣೆ ಬೇಕೆನ್ನುವವರಿಗೆ ಹಳೆಯ ಲೆಕ್ಕ ಹೊಂದುತ್ತದೆಯೇ? ಅವರ ಲೆಕ್ಕ ಬೇರೆ, ಆದರೆ ಲೆಕ್ಕ ಹಾಕುವ ಕ್ರಮ ಅದೇ. ದಿನವೂ ಹತ್ತಿಪ್ಪತ್ತು ಚಪಾತಿಗೆ ಹಿಟ್ಟು ನಾದಬೇಕಾದ ಮನೆಗೆ, ಕೀಲುನೋವಿನಿಂದ ಚಾಕು ಹಿಡಿಯಲಾಗದ ಹಿರಿಯರಿಗೆ, ಒಂದು ಕೈಯಲ್ಲಷ್ಟೇ ಕೆಲಸ ಮಾಡಬಲ್ಲವರಿಗೆ ಪ್ರೊಸೆಸರ್ ನಿಜವಾದ ಸಹಾಯ; ಅಲ್ಲಿ ಅದು ದುಬಾರಿಯಲ್ಲ. ಸಿರಿಧಾನ್ಯ ಬಂದಿತೆಂದು ಹೆಚ್ಚು ವ್ಯಾಟಿನ ಮಿಕ್ಸಿ ಕೊಳ್ಳುವುದು ಮಾತ್ರ ಚರಿತ್ರೆಯನ್ನು ಹಿಮ್ಮುಖ ಮಾಡಿದಂತೆ. ಕಿಲೋಗಟ್ಟಲೆ ರಾಗಿ, ನವಣೆ ಹಿಟ್ಟಾಗಬೇಕಾದರೆ ಬೀದಿಯ ಮಿಲ್ಲು ಇಂದಿಗೂ ಮಿಕ್ಸಿಗಿಂತ ನುಣ್ಣಗೆ, ಕಡಿಮೆ ಖರ್ಚಿನಲ್ಲಿ ಬೀಸುತ್ತದೆ. ಮನೆಗೆ ಬೇಕಾದ್ದು ನೆನೆಸಿದ್ದನ್ನು ರುಬ್ಬುವ ಯಂತ್ರವೋ, ಒಣಕಾಳನ್ನು ಬೀಸುವ ಯಂತ್ರವೋ ಎಂದು ಕೇಳಿಕೊಂಡರೆ ಎಷ್ಟೋ ಖರ್ಚು ತಪ್ಪುತ್ತದೆ.

ಹೀಗೆ ನೋಡಿದರೆ ಮೂರು ನಾಲ್ಕು ಜನರ, ಹಿಟ್ಟನ್ನು ಮಿಲ್ಲಿನಿಂದಲೂ ದೋಸೆಹಿಟ್ಟನ್ನು ಹೆಚ್ಚಾಗಿ ಅಂಗಡಿಯಿಂದಲೂ ತರುವ ಮನೆಗೆ 500 ವ್ಯಾಟಿನ, ಮೂರು ಸ್ಟೀಲ್ ಜಾರಿನ ಮಿಕ್ಸಿ ಸಾಕು. ವಾರಕ್ಕೊಮ್ಮೆ ಮನೆಯಲ್ಲೇ ರುಬ್ಬುವವರಿಗೆ 750 ವ್ಯಾಟು ಒಳ್ಳೆಯದು. ಹೆಚ್ಚಾಗಿ ರುಬ್ಬುವವರಿಗೆ ದೊಡ್ಡ ಮಿಕ್ಸಿಗಿಂತ ಸಾಧಾರಣ ಮಿಕ್ಸಿಯ ಜೊತೆ ಚಿಕ್ಕ ಟೇಬಲ್ ಟಾಪ್ ಗ್ರೈಂಡರ್ ಮೇಲು. ಡಬ್ಬದ ಮೇಲಿನ ವ್ಯಾಟ್ ಯಂತ್ರ ಎಳೆಯುವ ವಿದ್ಯುತ್ತಿನ ಅಳತೆ. ಖಾರ ಎಷ್ಟು ನುಣ್ಣಗಾಗುತ್ತದೆ ಎಂಬುದು ಬ್ಲೇಡಿನ ಆಕಾರ, ಜಾರಿನ ತಳ, ಅವೆರಡರ ನಡುವಿನ ಅಂತರವನ್ನೂ ಅವಲಂಬಿಸಿದೆ. ಅರ್ಧ ಹೋಳು ಕಾಯಿಯ ಚಟ್ನಿಯನ್ನು ದೊಡ್ಡ ಜಾರಿನಲ್ಲಿ ಎಷ್ಟು ಶಕ್ತಿಯ ಮೋಟಾರೂ ನುಣ್ಣಗೆ ಮಾಡಲಾರದು, ಚಟ್ನಿ ಜಾರ್ ಬೇಕು. ಐಎಸ್ 4250 ಮಾನದಂಡದ ಐಎಸ್‌ಐ ಗುರುತು, ಭಾರ ಹೆಚ್ಚಾದಾಗ ತಾನೇ ನಿಲ್ಲಿಸುವ ತಳದ ಕೆಂಪು ಗುಂಡಿ, ಎಷ್ಟು ನಿಮಿಷ ಓಡಿಸಿ ಎಷ್ಟು ನಿಮಿಷ ಬಿಡಬೇಕೆಂಬ ಸೂಚನೆ ನೋಡಬೇಕು. ಕರೆಂಟಿನ ಖರ್ಚಿಗೆ ಹೆದರಬೇಕಿಲ್ಲ: 750 ವ್ಯಾಟಿನ ಮಿಕ್ಸಿ ದಿನಕ್ಕೆ ಕಾಲು ಗಂಟೆ ಓಡಿದರೂ ತಿಂಗಳಿಗೆ ಆರು ಯೂನಿಟ್ ದಾಟುವುದಿಲ್ಲ. ಹಾಗಾದರೆ ಅಗ್ಗ ದುಬಾರಿ ನಿರ್ಧಾರವಾಗುವುದು ಕೊಂಡ ಬೆಲೆ ಮತ್ತು ಬಾಳಿದ ವರ್ಷ, ಇವೆರಡರಲ್ಲೇ.

ಬಾಳಿಕೆಯ ವಿಷಯದಲ್ಲಿ ಪಶ್ಚಿಮ ಬೆಂಗಳೂರಿಗೆ ಒಂದು ಆಸ್ತಿಯಿದೆ. ಕಿರ್ಲೋಸ್ಕರ್ ಕಾರ್ಖಾನೆಯ ಜಾಗದಲ್ಲಿ ಈಗ ಬ್ರಿಗೇಡ್ ಗೇಟ್‌ವೇ ಎದ್ದಿದ್ದರೂ, ಮೋಟಾರು ಕಟ್ಟುವ, ಲೇತ್ ಓಡಿಸುವ ಕಸುಬು ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ಉಳಿದಿದೆ. ಮಿಕ್ಸಿಯಲ್ಲಿ ಮೊದಲು ಸವೆಯುವುದು ಕಪ್ಲರ್, ಜಾರಿನ ಬುಷ್, ವಾಷರ್, ಕಾರ್ಬನ್ ಬ್ರಷ್. ಎಲ್ಲವೂ ಅಲ್ಪ ಬೆಲೆಯ ಭಾಗಗಳು. ಬದಲಿಸಲು ಬೇಕಾಗುವುದು ಸ್ವಲ್ಪ ಹೊತ್ತು. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಭಾಗ ಸಿಗುವ ತನಕ, ಬೀದಿಯ ರಿಪೇರಿಯವರಿಗೆ ಬಿಚ್ಚಲು ಬರುವ ತನಕ ಸಾಧಾರಣ ಮಿಕ್ಸಿ ವರ್ಷಗಟ್ಟಲೆ ದುಡಿಯುತ್ತದೆ. ಸ್ಕ್ರೂ ಕಾಣದಂತೆ ಅಂಟಿಸಿದ, ತನ್ನದೇ ಆಕಾರದ ಕಪ್ಲರ್ ಇರುವ ಯಂತ್ರ ಎಷ್ಟೇ ರಿಯಾಯಿತಿಗೆ ಸಿಕ್ಕಿದರೂ ವಾರಂಟಿ ಮುಗಿದ ಮೇಲೆ ಕಸ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿಗೆ ಸಮಿತಿ ನೇಮಿಸಿ ಪೋರ್ಟಲ್ ತೆರೆದದ್ದು ಸರಿಯಾದ ಹೆಜ್ಜೆ. ಅದು ಬಲವಾಗಬೇಕಾದರೆ ಕೊಳ್ಳುವವರೂ ಭಾಗ ಎಲ್ಲಿ ಸಿಗುತ್ತದೆ, ಯಾರು ರಿಪೇರಿ ಮಾಡುತ್ತಾರೆ ಎಂದು ವ್ಯಾಟ್ ಕೇಳುವ ಮೊದಲೇ ಕೇಳಬೇಕು. ಬೀಸುವುದನ್ನು ಮಿಲ್ಲು ಹೊತ್ತಿತು, ರುಬ್ಬುವುದನ್ನು ಗ್ರೈಂಡರು ಮತ್ತು ಹಿಟ್ಟಿನಂಗಡಿ ಹೊತ್ತವು, ಕೆಟ್ಟ ಯಂತ್ರವನ್ನು ಬೀದಿಯ ಕಸುಬುದಾರರು ಎತ್ತಿ ನಿಲ್ಲಿಸಿದರು. ನಮ್ಮ ಅಡುಗೆಮನೆಯ ದುಡಿಮೆ ಹಗುರಾದದ್ದು ಯಾವುದೋ ಒಂದು ಯಂತ್ರದ ಶಕ್ತಿಯಿಂದಲ್ಲ, ಇಡೀ ಬೀದಿಯ ಸಹಕಾರದಿಂದ. ಹಾಗಾಗಿ ಕೈಗೆಟುಕುವ ಯಂತ್ರವೆಂದರೆ ಮನೆಯಲ್ಲಿ ಉಳಿದ ಕೆಲಸಕ್ಕೆ ಸಾಲುವಷ್ಟು ದೊಡ್ಡದು, ಬೀದಿಯ ಕಸುಬು ಸರಿಪಡಿಸಬಲ್ಲಷ್ಟು ಸರಳವಾದದ್ದು. ಈ ಎರಡು ಅಳತೆಗೆ ಹೊಂದಿದ್ದನ್ನು ಕೊಳ್ಳುವುದು ಮನೆಯ ಹಣವನ್ನೂ ಊರಿನ ವಿದ್ಯೆಯನ್ನೂ ಒಟ್ಟಿಗೆ ಉಳಿಸುವ ದಾರಿ.